ಬಾಳೋ ಮಕ್ಕಳ ಕೌದಿ

ಕುರ್ಡಿಯ ಬಸ್ಸು ಯಾವತ್ತು ಹೊತ್ತಿಗೆ ಸರಿಯಾಗಿ ಬಂದಿತ್ತು ಹೇಳಿ! ಎಂಬತ್ತೊಂದನೇ ಇಸವಿಯ ಆ ಚಳಿಗಾಲದ ದಿನವೂ ಬರಲಿಲ್ಲ. ಪಂಪ್‌ಸೆಟ್ಟು ರಿಪೇರಿ ಮಾಡುವ ದೇವದುರ್ಗದ ಹಂಪಣ್ಣ, ಕುರ್ಡಿಯ ಕೆಲಸಕ್ಕೆಂದು ಪಾನಾ-ಸುತ್ತಿಗೆಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡು ಮಾನ್ವಿಯ ಬಸ್‌ಸ್ಟ್ಯಾಂಡಿನಲ್ಲಿ ಒಂದು ತಾಸು ಕಾದ. ಎರಡು ಸಲ ಚಹಾ ಕುಡಿದ. ಕೇಳಿದಾಗಲೆಲ್ಲ "ಬರ್ತದ ತಡೀರಿ" ಎನ್ನಿಸಿಕೊಂಡು, ಕೊನೆಗೆ ಬೇಸತ್ತು ಹಿಂದಿನ ಓಣಿಯೊಳಗೆ ನಡೆದ. ಥಂಡಿ ಜೋರಾಗಿತ್ತು, ಮನೆಗೊಂದು ಕೌದಿ ಬೇಕಾಗಿತ್ತು. ಹಾಗೆ ಅವನು ದಸ್ತಗೀರ್ ಸಾಬನ ಗಾದಿ ಅಂಗಡಿಯ ಕಟ್ಟೆ ಹತ್ತಿದ.

ದಸ್ತಗೀರ್ ಸಾಬ ಹೊರಗೆಲ್ಲೋ ಹೋಗಿದ್ದ. ಅಂಗಡಿಯಲ್ಲಿ ಅವನ ಹೆಂಡತಿ ಖಾಸಿಂ ಬೀ, ಅರವತ್ತರ ಮುದುಕಿ, ಚಾಪೆಯ ಮೇಲೆ ಕಾಲು ಚಾಚಿಕೊಂಡು ಕೌದಿ ಹೊಲಿಯುತ್ತ ಕೂತಿದ್ದಳು. ತೊಡೆಯ ಮೇಲಿದ್ದದ್ದು ತೊಟ್ಟಿಲ ಕೂಸಿಗೆ ಆಗುವಷ್ಟು ಚಿಕ್ಕದು.

"ಬರ್ರಿ, ಕುಂದರ್ರಿ. ದೊಡ್ಡ ಕೌದಿ ಬೇಕೇನು?"

ಹಂಪಣ್ಣ ಬಗ್ಗಿ ನೋಡಿದ. ಆ ಚಿಕ್ಕ ಕೌದಿಯ ನಟ್ಟನಡುವೆ ಗಿಣಿಹಸಿರು ಬಣ್ಣದ ಒಂದು ತುಂಡಿತ್ತು, ಅದರ ಮೈಮೇಲೆ ಹಳದಿ ಮಾವಿನಕಾಯಿಯ ಚಿತ್ತಾರ. ರಾಯಚೂರಿನಲ್ಲಿ ಮಗಳಿಗೆಂದು ಅವನೇ ಆರಿಸಿ ತಂದ ಲಂಗದ ಅರಿವೆ ಅದು. ಅಂಥ ಅರಿವೆ ಊರಿಗೆಲ್ಲ ಇರುತ್ತದೆ ಎನ್ನುತ್ತೀರಾ? ಇರಬಹುದು. ಆದರೆ ಅದರ ಅಂಚಿಗೆ ಒಂದರ ಮಗ್ಗುಲಿಗೊಂದು ಎರಡು ಸುಟ್ಟ ತೂತುಗಳಿದ್ದವು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೀಡಿ ಸೇದುವಾಗ ಬಿದ್ದ ಕಿಡಿ. ಆ ತಪ್ಪಿಗೆ ಹೆಂಡತಿ ಹುಲಗೆಮ್ಮ ಎರಡು ದಿನ ಅವನ ಜೊತೆ ಮಾತು ಬಿಟ್ಟಿದ್ದಳು.

ಮಗಳು ಗದ್ದೆಮ್ಮ ಕಾಮಾಲೆಯಾಗಿ ಸತ್ತು ಎರಡು ವರ್ಷವಾಗಿತ್ತು. ಆಗ ಅವಳಿಗೆ ಏಳು ವರ್ಷ.

"ಇದು... ಇದು ಕೊಡ್ತೀರೇನವ್ವಾ?" ಎಂದ.

"ಅಯ್ಯ, ಅದು ಮಾರಾಕಲ್ಲಪ್ಪಾ!" ಮುದುಕಿ ಕೌದಿಯನ್ನು ಎದೆಗೆ ಎಳೆದುಕೊಂಡಳು. "ನನ್ನ ಮಗಳು ಲತೀಫಾಗ ಎರಡು ಕೂಸು ಆಗಿ ಎರಡೂ ಕೈಬಿಟ್ಟು ಹೋದ್ವು. ಒಂದು ಏಳು ದಿನದ್ದು, ಒಂದು ಮೂರು ತಿಂಗಳದ್ದು. ಈಗ ಮತ್ತ ಏಳು ತಿಂಗಳ ಬಸುರಿ ಅದಾಳ. ಬಾಳೋ ಮಕ್ಕಳ ಮೈಮ್ಯಾಗಿನ ಅರಿವಿ ಬೇಡಿ ತಂದು, ಇಪ್ಪತ್ತೊಂದು ಮನಿದು, ಕೌದಿ ಹೊಲದು ಹೊಚ್ಚಿದ್ರ ಕೂಸು ಉಳೀತದ. ನಿಮ್ಮವ್ರೂ ಅಂತಾರ, ನಮ್ಮವ್ರೂ ಅಂತಾರ. ಸತ್ತ ಕೂಸಿಂದು ಒಂದು ಎಳಿ ಸೈತ ಸೇರಬಾರ್ದು. ಕೇಳಿ ಕೇಳಿ ಇಸಕೊಂಡೀನಿ."

"ಈ ಹಸರಂದು ಯಾರ ಮನಿದು?"

ಮುದುಕಿಯ ಮುಖ ಅರಳಿತು. "ಅದಾ? ದೇವದುರ್ಗದಾಕಿ ಒಬ್ಬಾಕಿ, ಹುಲಗೆಮ್ಮ ಅಂತ. ಹಿರೇಕೊಟ್ನೆಕಲ್ಲ ಆಕಿ ತವರುಮನಿ. ತಿಂಗಳಿಗೊಮ್ಮೆ ಹೋಗ್ತಾ ಬಸ್ಸು ಬದಲಿ ಮಾಡಾಕ ಇಳೀತಾಳ, ಇಲ್ಲೇ ಬಂದು ಕುಂದರ್ತಾಳ. ಬಂದ್ರ ಮಗಳದೇ ಮಾತು! ಆ ಹುಡುಗಿ ಭಾಳ ತುಂಟಿ ಅಂತ, ಲಂಗ ಮೊಣಕಾಲಿಗೆ ಬಂತಂತ, ಅದಕ್ಕ ಕೊಟ್ಲು. ಈಗ ನಾಕನೇತ್ತಾ ಓದ್ತಾಳಂತ. ಲೆಕ್ಕದಾಗ ಭಾಳ ಶ್ಯಾಣ್ಯಾಕಿ. ಹೋದ ತಿಂಗಳು ಹಲ್ಲು ನೋವಂತ ಎರಡು ದಿನ ಸಾಲಿ ಬಿಟ್ಟಿದ್ಲಂತ. ನಗಸತಾಳಪ್ಪಾ ನನ್ನ, ಹೊಟ್ಟಿ ಹುಣ್ಣಾಗೂವಂಗ."

ಹಂಪಣ್ಣ ಕಟ್ಟೆಯ ಮೇಲೆ ಕೂತ. ನಗಿಸುತ್ತಾಳಂತೆ! ಅವನ ಮನೆಯಲ್ಲಿ ಹುಲಗೆಮ್ಮ ನಕ್ಕು ಎರಡು ವರ್ಷವಾಗಿತ್ತು. ನಗುವುದಿರಲಿ, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಯಾಕೆ ಆಡಿಯಾಳು? ಮಣ್ಣು ಮಾಡಿ ಬಂದ ಮೂರನೇ ದಿನಕ್ಕೆ ಇವನೇ ಗುಡುಗಿದ್ದ: "ಸತ್ತವ್ರ ಹಿಂದ ಸಾಯಾಕ ಬರ್ತದೇನು? ಇನ್ನ ಆ ಹೆಸರು ಈ ಮನ್ಯಾಗ ತಗೀಬ್ಯಾಡ." ಗಂಡಸರ ಧೈರ್ಯ ಎಂದರೆ ಇಷ್ಟೇ ನೋಡಿ, ತಮ್ಮ ಎದೆ ಒಡೆಯದಿರಲಿ ಎಂದು ಹೆಂಡತಿಯ ಬಾಯಿ ಕಟ್ಟುವುದು. ಮಗಳ ಅರಿವೆಯನ್ನೆಲ್ಲ ಹೊಳೆಗೆ ಬಿಟ್ಟು ಬಾ ಎಂದವನೂ ಅವನೇ. ಬಿಟ್ಟೆ ಎಂದಿದ್ದಳು.

ಒಳಗಿನಿಂದ ಲತೀಫಾ ನೀರಿನ ಚೊಂಬು ತಂದಿಟ್ಟಳು. ಕಣ್ಣ ಕೆಳಗೆ ಕಪ್ಪು ಕಟ್ಟಿದ ಬಸುರಿ, ಸೊಂಟದ ಮೇಲೆ ಕೈ. ಹೋಗುವಾಗ ಕೌದಿಯ ಮೇಲೊಮ್ಮೆ ಬೆರಳಾಡಿಸಿ, ಕೂಸಿನ ಕೆನ್ನೆ ಮುಟ್ಟಿದವಳಂತೆ ಬೆರಳಿಗೆ ಮುತ್ತಿಟ್ಟುಕೊಂಡು ಒಳಗೆ ಹೋದಳು.

ಸುಮ್ಮನಿದ್ದುಬಿಡಲೇ ಎಂದುಕೊಂಡ ಹಂಪಣ್ಣ. ಸುಮ್ಮನೆ ಎದ್ದು ಹೋದರೆ ಯಾರ ಗಂಟು ಹೋಗುತ್ತದೆ? ನಾಲ್ಕನೆಯ ಇಯತ್ತೆ ಓದುವ, ಲೆಕ್ಕದಲ್ಲಿ ಜಾಣೆಯಾದ ಗದ್ದೆಮ್ಮ ಈ ಅಂಗಡಿಯಲ್ಲಾದರೂ ಬದುಕಿಕೊಂಡಿರುತ್ತಾಳೆ. ಇಲ್ಲೂ ಅವಳನ್ನು ತನ್ನ ಬಾಯಿಂದಲೇ ಸಾಯಿಸಬೇಕೇ? ಆದರೆ ಆ ಬಸುರಿಯ ಬೆರಳು ಕಣ್ಣ ಮುಂದಿನಿಂದ ಸರಿಯಲಿಲ್ಲ. ನಾಳೆ ಆ ಕೂಸಿಗೆ ಏನಾದರೂ ಆದರೆ? ಆಮೇಲೆ ಹೇಗೋ ಸತ್ಯ ತಿಳಿದರೆ, ಹುಲಗೆಮ್ಮ ಕೊಟ್ಟ ಲಂಗವೇ ಕೂಸನ್ನು ನುಂಗಿತು ಎನ್ನುವುದಿಲ್ಲವೇ?

"ಯವ್ವಾ," ಎಂದ. "ಆ ತುಂಡು ಬಿಚ್ಚರಿ. ಆಕಿ ನನ್ನ ಹೆಣ್ತಿ. ಆ ಹುಡುಗಿ ಈಗಿಲ್ಲ. ತೀರಿ ಎರಡು ವರ್ಷ ಆತು."

ಖಾಸಿಂ ಬೀಯ ಸೂಜಿ ನಿಂತಿತು. "ಯಾ ಅಲ್ಲಾ," ಎಂದು ಉಸಿರೆಳೆದವಳ ಮುಖ ಮೊದಲು ಕೆಂಪಾಯಿತು. "ನನ್ನ ಬಸುರಿ ಮಗಳ ಕೌದಿಗೆ ಇಂಥಾದ್ದು ಕೊಟ್ಲಾ? ಕಣ್ಣಾಗ ಕಣ್ಣಿಟ್ಟು, ನಕ್ಕೋತ?" ಬಾಗಿಲ ಕಡೆ ತಿರುಗಿ, ಲತೀಫಾ ಕೇಳಿಸಿಕೊಂಡಳೇನೋ ಎಂದು ನೋಡಿದಳು. ಆಮೇಲೆ ಕತ್ತರಿ ತೆಗೆದುಕೊಂಡು ಹಸಿರು ತುಂಡಿನ ಸುತ್ತಲಿನ ಹೊಲಿಗೆ ಬಿಚ್ಚತೊಡಗಿದಳು. ನಾಲ್ಕನೆಯ ಬದಿಗೆ ಬರುವಷ್ಟರಲ್ಲಿ ಮುದುಕಿಯ ಸಿಟ್ಟೆಲ್ಲ ಕಣ್ಣೀರಾಗಿ ಇಳಿದಿತ್ತು. ಸೆರಗಿನಿಂದ ಮೂಗೊರೆಸಿಕೊಂಡು, ತುಂಡನ್ನು ಮಡಿಚಿ ಅವನ ಕೈಯಲ್ಲಿಟ್ಟಳು.

"ಕೇಡು ಬಯಸಿ ಕೊಟ್ಟಿಲ್ಲ ಬಿಡಪ್ಪಾ ಆಕಿ," ಎಂದಳು. "ತನ್ನ ಮಗಳೂ ಬಾಳೋ ಮಕ್ಕಳ ಸಾಲಿನ್ಯಾಗ ಇರ್ಲಿ ಅಂತ ಕೊಟ್ಟಾಳ. ಹೆತ್ತ ಹೊಟ್ಟಿ."

ಹಂಪಣ್ಣ ತುಂಡನ್ನು ಅಂಗಿಯ ಜೇಬಿಗೆ ಸೇರಿಸಿ ಎದ್ದ. ಎರಡು ಹೆಜ್ಜೆ ಹೋದವನು ಮರಳಿ ಬಂದ.

"ಮುಂದಿನ ತಿಂಗಳು ಆಕಿ ಬರ್ತಾಳ. ನಾ ಬಂದಿದ್ದೆ ಅಂತ ಹೇಳಬ್ಯಾಡ್ರಿ. ಮಗಳು ಹ್ಯಾಂಗದಾಳ ಅಂತ ಯಾವತ್ತಿನಂಗ ಕೇಳ್ರಿ, ನಿಮ್ಮ ಕಾಲು ಬೀಳ್ತೀನಿ."

"ಕೌದಿ ಮುಗೀತು, ಕೊಟ್ಟುಬಿಟ್ಟೆ ಅಂತೀನಿ. ಕೇಳ್ತೀನಿ ತಗೋ, ಮೊದಲಿನಂಗ ಕೇಳ್ತೀನಿ." ಮುದುಕಿ ಅವನ ಮುಖವನ್ನೇ ನೋಡಿದಳು. "ಖರೆ ಒಂದು ಮಾತು ಹೇಳು ತಮ್ಮಾ. ಇಷ್ಟು ದೂರ ಬಂದು ನನ್ನ ಮುಂದ್ಯಾಕ ಹೇಳ್ತಾಳ ಆಕಿ? ನೀ ಒಂದಿನಾರ ಕೇಳಿಯೇನು?"

ಹಂಪಣ್ಣ ಚೀಲ ಹೆಗಲಿಗೇರಿಸಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದ. ಕುರ್ಡಿಯ ಬಸ್ಸು ಅಷ್ಟೊತ್ತಿಗೆ ಬಂದು ನಿಂತಿತ್ತು. ಅವನು ಅದನ್ನು ಹತ್ತಲಿಲ್ಲ, ದೇವದುರ್ಗದ ಬಸ್ಸು ಹತ್ತಿದ.

ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಹುಲಗೆಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಇಷ್ಟು ಬೇಗ ಯಾಕೆ ಬಂದೆ ಎಂದು ಸಹ ಕೇಳಲಿಲ್ಲ. ಹಂಪಣ್ಣ ಚೀಲ ಇಳಿಸಿ ಅವಳ ಎದುರು ಕುಕ್ಕುರುಗಾಲಲ್ಲಿ ಕೂತ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಹಾರಿಹೋಗಿ, ಬಾಯಿಗೆ ಬಂದದ್ದು ಇಷ್ಟೇ:

"ಹುಲಗಿ, ನಮ್ಮ ಗದ್ದೆಮ್ಮ ಈಗ ಎಷ್ಟೆತ್ತರ ಆಗ್ಯಾಳ?"

ಬಡಿಯುವ ಕೈ ನಿಂತಿತು. ಅವಳು ತಲೆಯೆತ್ತಿ ಅವನನ್ನು ನೋಡಿದಳು. ಅಣಕಿಸುತ್ತಿದ್ದಾನೆಯೇ, ಬಯ್ಯಲು ಬಂದಿದ್ದಾನೆಯೇ ಎಂದು ಹುಡುಕಿರಬೇಕು. ಆಮೇಲೆ ಹಿಟ್ಟಿನ ಕೈಯಲ್ಲೇ ಎದ್ದು ನಿಂತು, ಅಂಗೈಯನ್ನು ತನ್ನ ಎದೆಯ ಮಟ್ಟಕ್ಕೆ ಗಾಳಿಯಲ್ಲಿ ಹಿಡಿದಳು.

"ಇಲ್ಲೀತನಾ," ಎಂದಳು. ಕೈಯನ್ನು ಒಂದು ಬೆರಳಿನಷ್ಟು ಮೇಲೆತ್ತಿದಳು. "ಇಲ್ಲ, ಇಲ್ಲೀತನಾ. ನಿನಗ ಗೊತ್ತೇ ಇಲ್ಲ."