ಒಂದು ಕೈ ಅಂತರ

"ಕೈ ತೆಗಿ, ನೋಡೋಣ," ಎಂದ ಅಣ್ಣ.

ಅವಳು ಕಣ್ಣಿಗೆ ಒತ್ತಿಕೊಂಡಿದ್ದ ಒದ್ದೆ ಬಟ್ಟೆಯನ್ನು ತೆಗೆಯಲಿಲ್ಲ. ಅವನೇ ಕಿತ್ತುಕೊಂಡ. ಎಡಗಣ್ಣು ಮುಚ್ಚಿಹೋಗುವಷ್ಟು ಊದಿತ್ತು. ಹೋದ ವಾರದ ಕೆನ್ನೆಯ ಪೆಟ್ಟು ಹಳದಿಗೆ ತಿರುಗಿತ್ತು, ಇನ್ನೂ ಮಾಸಿರಲಿಲ್ಲ.

"ಬಾಗಿಲು ಬಡೀತು."

"ನಿಮ್ಮನೆ ಬಾಗಿಲಿಗೆ ಬೆರಳಿನ ಗೆಣ್ಣು ಬೇರೆ ಇದ್ಯಾ?"

ಅಡುಗೆಮನೆಯ ಮೂಲೆಯಲ್ಲಿ ಎರಡೂ ಕೈಯಲ್ಲಿ ಲೋಟ ಹಿಡಿದು ಕೂತಿದ್ದ ಗಂಡ ಏನೋ ಹೇಳಿದ. ಯಾರಿಗೂ ಕೇಳಿಸಲಿಲ್ಲ. ವರ್ಷದಿಂದ ಅವನ ದನಿ ಹಾಗೇ ಆಗಿಹೋಗಿತ್ತು, ಗಂಟಲು ದಾಟುವಷ್ಟರಲ್ಲಿ ಸತ್ತುಹೋಗುತ್ತಿತ್ತು. ಮತ್ತೆ ಹೇಳಿದ. "ನಾನೇ ಹೊಡೆದೆ."

ಅಣ್ಣ ಎದ್ದೇಬಿಟ್ಟ. ಅವಳು ಅಡ್ಡ ಬಂದಳು. "ನಿದ್ದೇಲಿ ಅಣ್ಣ, ನಿದ್ದೇಲಿ! ಅವರಿಗೆ ಗೊತ್ತೇ ಆಗಲ್ಲ."

"ಕುಡಿದು ಹೊಡೆಯೋರನ್ನ ನೋಡಿದ್ದೀನಿ, ಕುಡೀದೆ ಹೊಡೆಯೋರನ್ನೂ ನೋಡಿದ್ದೀನಿ. ಗೊರಕೆ ಹೊಡೀತಾ ಹೊಡೆಯೋ ಗಂಡಸು ಇವನೊಬ್ಬನೇ. ಗೂಬೆ!"

ಗೂಬೆ ಅನ್ನುವುದು ಬೈಗುಳವಲ್ಲ, ಗೋದಾಮಿನ ಹಮಾಲಿಗಳು ಇಟ್ಟ ಹೆಸರು. ದುಡಿದಷ್ಟು ಕಾಲವೂ ಹತ್ತಿ ಗೋದಾಮಿನ ರಾತ್ರಿ ಕಾವಲು ಕಾದವನು ಅವನು. ಒಂದು ದಿನವೂ ತೂಕಡಿಸಿದವನಲ್ಲ. ಕೈಯಲ್ಲಿ ದೊಣ್ಣೆ ಇದ್ದರೂ ಬೀದಿನಾಯಿಗೂ ಬೀಸಿದವನಲ್ಲ. ಅಂಥವನಿಗೆ ಮೊದಲು ಕೈ ನಡುಗಿತು, ಆಮೇಲೆ ಹೆಜ್ಜೆ ಗಿಡ್ಡವಾಯಿತು, ಆಮೇಲೆ ಈ ದರಿದ್ರ ನಿದ್ದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಹೀಗೂ ಆಗುತ್ತದೆ ಎಂದಿದ್ದರು ಡಾಕ್ಟರು. ಎಲ್ಲರಿಗೂ ಕನಸು ಬಿದ್ದಾಗ ಮೈಗೆ ಬೀಗ ಬಿದ್ದಿರುತ್ತದಂತೆ, ಇವನಿಗೆ ಆ ಬೀಗ ಸಡಿಲವಾಗಿದೆಯಂತೆ. ಕನಸಿನಲ್ಲಿ ಓಡಿದರೆ ಕಾಲು ಒದೆಯುತ್ತದೆ, ಬಡಿದಾಡಿದರೆ ಕೈ ಬಡಿಯುತ್ತದೆ. ಒಂದು ಮಾತ್ರೆ ಬರೆದುಕೊಟ್ಟು, ಸದ್ಯಕ್ಕೆ ಬೇರೆ ಮಲಗಿ ಅಂದಿದ್ದರು. ಅವಳು ಮಾತ್ರೆ ತಂದಳು. ಇನ್ನೊಂದು ಮಾತನ್ನು ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಬಿಟ್ಟು ಬಂದಳು.

ಬಿಡದೆ ಏನು ಮಾಡಿಯಾಳು? ಮದುವೆಯಾದಾಗಿನಿಂದ ಅವನದು ರಾತ್ರಿ ಪಾಳಿ. ಅವಳು ಎದ್ದುಬಿಟ್ಟ ಹಾಸಿಗೆಯಲ್ಲೇ ಅವನು ಬಂದು ಬೀಳುತ್ತಿದ್ದ. ಅವಳ ಮೈಯ ಬಿಸಿ ಇನ್ನೂ ಅಲ್ಲಿರುತ್ತಿತ್ತು, ಅಷ್ಟೇ ಸಂಸಾರ. ಕೆಲಸ ಬಿಟ್ಟ ಮೇಲೆಯೇ ಇಬ್ಬರೂ ಒಂದೇ ಹೊತ್ತಿಗೆ ದೀಪ ಆರಿಸಿದ್ದು. ಅದಕ್ಕೂ ಕಣ್ಣು ಬಿತ್ತು.

"ಭಾನುವಾರ ಬರ್ತೀನಿ. ಬಟ್ಟೆ ಕಟ್ಟಿಟ್ಟಿರು," ಎಂದು ಅಣ್ಣ ಹೊರಟ. ಬಾಗಿಲಲ್ಲಿ ತಿರುಗಿ, "ಒಂದು ದಿನ ಕತ್ತು ಹಿಚುಕ್ತಾನೆ. ಆಗ ನಿದ್ದೇಲಿ ಹಿಚುಕಿದ್ರು ಅಂತ ಹೇಳೋಕೆ ನೀನೇ ಇರಲ್ಲ," ಅಂದ.

ಅವನು ಹೋದ ಮೇಲೆ ಗಂಡ ಹೇಳಿದ, "ಕಳ್ಳ ಮೂಟೆ ಹಿಂದಿಂದ ಬಂದ. ನಿನ್ನ ಜಡೆ ಹಿಡಿದಿದ್ದ ಕಣೇ. ಬಿಡೋ ಅಂದೆ, ಬಿಡಲಿಲ್ಲ."

"ಕೆಲಸದಲ್ಲಿದ್ದಾಗ ಒಬ್ಬ ಕಳ್ಳನ್ನೂ ಹಿಡೀಲಿಲ್ಲ. ಈಗ ದಿನಾ ಹಿಡೀತೀರಿ," ಎಂದು ಅವಳು ನಗಲು ಹೋದಳು. ಕಣ್ಣು ಸೆಳೆಯಿತು.

ಅವನು ನಗಲಿಲ್ಲ. ನಗುವ ಮುಖವೇ ಅವನಿಗೆ ಉಳಿದಿರಲಿಲ್ಲ. "ನನ್ನನ್ನ ರೂಮಲ್ಲಿ ಹಾಕಿ ಹೊರಗಿಂದ ಚಿಲಕ ಹಾಕು."

"ಏನು ಮಾತು ಅಂತ ಆಡ್ತೀರಿ?"

"ಹಾಕು ಅಂದ್ರೆ ಹಾಕು. ಜೀವಮಾನವೆಲ್ಲ ಕಾದಿದ್ದೀನಿ, ಯಾವುದನ್ನ ಬೀಗದೊಳಗೆ ಇಡಬೇಕು ಅಂತ ನನಗೆ ಗೊತ್ತು."

ಜಗಳವಾಯಿತು. ಅವನು ಊಟ ಮುಟ್ಟಲಿಲ್ಲ. ಕೊನೆಗೆ ಅವಳು ಚಿಲಕ ಹಾಕಿ ಹಜಾರದಲ್ಲಿ ಚಾಪೆ ಹಾಸಿಕೊಂಡಳು. ಒಂದು ಗಳಿಗೆ ಅತ್ತು, ಆಮೇಲೆ ಮಲಗಿದಳು. ಎಂಥ ನಿದ್ದೆ! ತಿಂಗಳುಗಟ್ಟಲೆ ಬಾರದ್ದು ಒಟ್ಟಿಗೆ ಬಂದಂತೆ ಬಂತು. ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲು ಬಿದ್ದಿತ್ತು.

ಚಿಲಕ ತೆಗೆದು ತಳ್ಳಿದರೆ ಬಾಗಿಲು ಏನಕ್ಕೋ ತಗುಲಿತು. ಸಂದಿಯಲ್ಲಿ ನುಗ್ಗಿದಳು. ಅವನು ಬಾಗಿಲ ಹಿಂದೆಯೇ ನಿಂತಿದ್ದ, ಚೌಕಟ್ಟು ಹಿಡಿದು, ಪಾದಗಳು ನೆಲಕ್ಕೆ ಅಂಟಿಕೊಂಡಂತೆ. ಪೈಜಾಮ ಒದ್ದೆಯಾಗಿ ಒಣಗುತ್ತ ಬಂದಿತ್ತು. ನೆಲದ ಮೇಲಿನ ಕಲೆಯೂ ಒಣಗಿತ್ತು.

"ಕೂಗಬಾರದಾ?"

"ಕೂಗ್ತಾನೇ ಇದ್ದೆ."

ಬಾಗಿಲನ್ನೂ ಬಡಿದಿದ್ದನಂತೆ. ಕನಸಿನಲ್ಲಿ ಅಷ್ಟು ಬಲ ಬರುವ ಕೈಗೆ ಎಚ್ಚರದಲ್ಲಿ ಬಾಗಿಲು ಬಡಿಯುವ ಬಲ ಇರಲಿಲ್ಲ.

"ಚೆನ್ನಾಗಿ ನಿದ್ದೆ ಬಂತಾ ನಿಂಗೆ?" ಎಂದು ಕೇಳಿದ. ಚುಚ್ಚಿ ಕೇಳಿದ್ದಲ್ಲ, ನಿಜವಾಗಿಯೇ ಕೇಳಿದ. ಅದಕ್ಕೇ ಅವಳಿಗೆ ತಲೆ ಕೆಟ್ಟಿತು. ಇಷ್ಟು ವರ್ಷದ ಸಂಸಾರದಲ್ಲಿ ಮೊದಲ ಸಲ ಗಂಡನಿಗೆ ಏಕವಚನ ಹಚ್ಚಿದಳು. "ಮುಚ್ಚೋ ಬಾಯಿ! ನೀನು ಹಾಕು ಅಂದೆ, ನಾನು ಹಾಕಿದೆ. ಆಗ ಬೇಡ ಅಂತ ನಂಗೊಂದೇಟು ಹಾಕಿದ್ರೆ ಏನಾಗ್ತಿತ್ತು ನಿಂಗೆ?"

ಬೈಯುತ್ತಲೇ ಸ್ನಾನ ಮಾಡಿಸಿದಳು, ಬೈಯುತ್ತಲೇ ಬಟ್ಟೆ ಒಗೆದಳು. ಸ್ಕ್ರೂಡ್ರೈವರ್ ಸಿಗಲಿಲ್ಲ. ಚಾಕುವಿನ ತುದಿಯಿಂದಲೇ ಚಿಲಕದ ತಿರುಪು ಬಿಚ್ಚಿ, ಚಿಲಕವನ್ನು ಕಸದ ಬುಟ್ಟಿಗೆ ಎಸೆದಳು.

ಮಧ್ಯಾಹ್ನ ಪಕ್ಕದ ಮನೆಯವರಿಂದ ಒಂದು ಹಳೆಯ ಕಬ್ಬಿಣದ ಮಂಚ ಬಂತು. ಅದನ್ನು ರೂಮಿಗೆ ಎಳೆದು ಅವನ ಮಂಚಕ್ಕೆ ತಾಗಿಸಿಟ್ಟಳು. ಅವನನ್ನು ಮಲಗಿಸಿದಳು.

"ಕೈ ಚಾಚಿ."

ಚಾಚಿದ. ಬೆರಳು ಅವಳ ದಿಂಬಿನ ಮೇಲೆ ಬಂದವು. ಅವಳು ತನ್ನ ಮಂಚವನ್ನು ಹಿಂದಕ್ಕೆ ಎಳೆದಳು.

"ಇನ್ನೂ ಚಾಚಿ. ಕಳ್ಳ ಓಡಿಹೋಗ್ತಿದ್ದಾನೆ ಅಂದ್ಕೊಳ್ಳಿ."

"ಮಗ್ಗುಲು ತಿರುಗಿದ್ರೆ ಇನ್ನೂ ಎಟುಕುತ್ತೆ," ಎಂದ ಅವನು. ಕಾವಲುಗಾರನ ಲೆಕ್ಕ.

ಮಗ್ಗುಲು ತಿರುಗಿಸಿದಳು. ಮತ್ತೆ ಎಳೆದಳು. ನಡುಗುವ ಬೆರಳ ತುದಿಗಳು ಅವಳ ಹಾಸಿಗೆಯ ಅಂಚನ್ನು ಸವರಿ, ಕೊನೆಗೆ ಗಾಳಿಯಲ್ಲಿ ಉಳಿದವು.

"ನಾಳೆ ನಿಮ್ಮಣ್ಣ ಬರ್ತಾನೆ."

"ಬರಲಿ. ಮಂಚಕ್ಕೆ ಅಡ್ಡ ಇರೋ ಆ ಬೀರು ಸರಿಸೋಕೆ ಒಂದು ಆಳು ಬೇಕಿತ್ತು."

ತಿರುಗಿ ನೋಡಿದರೆ ಅವನ ಕಣ್ಣು ಮುಚ್ಚಿತ್ತು. ಹಗಲೆಲ್ಲ ಹೀಗೇ, ಮಾತಿನ ನಡುವೆ ಜಾರಿಬಿಡುತ್ತಿದ್ದ. ಕೈ ಮಾತ್ರ ಚಾಚಿಕೊಂಡೇ ಇತ್ತು, ಎರಡು ಮಂಚಗಳ ನಡುವೆ. ಬೆಳಗಿನಿಂದ ಒಂದೇ ಸಮನೆ ನಡುಗುತ್ತಿದ್ದ ಬೆರಳುಗಳು ನಿಂತವು. ಮೊದಲಿನ ಕೈ, ಕಾಯಿಲೆ ಬರುವ ಮುಂಚಿನದು. ಅವಳು ನೆಲದ ಮೇಲೆ ಕೂತು, ಮಂಚದ ಕಾಲು ಹಿಡಿದುಕೊಂಡೇ ಅದನ್ನು ನೋಡಿದಳು. ಮುಟ್ಟಬೇಕೆನಿಸಿತು.

ಅಷ್ಟರಲ್ಲಿ ಬೆರಳುಗಳು ಒಂದೊಂದಾಗಿ ಒಳಕ್ಕೆ ಮಡಚಿ ಮುಷ್ಟಿ ಕಟ್ಟತೊಡಗಿದವು. ಅವಳು ಸದ್ದಾಗದಂತೆ ಮಂಚವನ್ನು ಇನ್ನೊಂದು ಗೇಣು ಹಿಂದಕ್ಕೆ ಎಳೆದುಕೊಂಡಳು.