ಎದುರಿನ ತಟ್ಟೆಗಳು

ಹುಣಸೂರಿನ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಜಯಲಕ್ಷ್ಮಮ್ಮ ಹೋಟೆಲಿಟ್ಟು ಆರು ತಿಂಗಳಾಗಿತ್ತು. ಬೋರ್ಡಿನಲ್ಲಿ ದೇವರ ಹೆಸರಿದ್ದರೂ ಬೀದಿಯವರ ಬಾಯಲ್ಲಿ ಅದು ಸಣ್ತಟ್ಟೆ ಹೋಟ್ಲು. ಅಲ್ಲಿ ಎಲ್ಲವೂ ಅಂಗೈಯಗಲದ ಸ್ಟೀಲ್ ತಟ್ಟೆಯಲ್ಲೇ ಬರುತ್ತಿತ್ತು: ನಿಂಬೆಹಣ್ಣಿನಷ್ಟು ಮುದ್ದೆ, ಎರಡೇ ತುಂಡು ಮೀನು, ಒಂದು ಹಿಡಿ ಬೋಟಿ ಗೊಜ್ಜು. ಸ್ವಲ್ಪ ಸ್ವಲ್ಪವಾಗಿ ಎಲ್ಲದರ ರುಚಿ ನೋಡಬೇಕು ಅನ್ನುವುದು ಆಯಮ್ಮನ ವಾದ. ಆಯಮ್ಮನ ಜೊತೆ ವಾದ ಮಾಡಿ ಗೆದ್ದವರನ್ನು ಯಾರೂ ಕಂಡಿರಲಿಲ್ಲ.

ಅದೇ ಬೀದಿಯ ಬಾಡಿಗೆ ಕೋಣೆಯಲ್ಲಿದ್ದ ಶಾಂತಲಾ ಒಂದು ದಿನವೂ ಒಳಗೆ ಕಾಲಿಟ್ಟಿರಲಿಲ್ಲ. ಹೆಂಗಸೊಬ್ಬಳೇ ಹೋಟೆಲಿನಲ್ಲಿ ಕೂತು ಉಣ್ಣುವುದೆಂದರೆ ಅವಳಿಗೆ ಮೈಯೆಲ್ಲ ಮುದುಡುತ್ತಿತ್ತು. ಪಿತೃಪಕ್ಷದ ದಿನಗಳವು. ಅವತ್ತು ಸೀಮೆಎಣ್ಣೆ ಮುಗಿದಿತ್ತು. ಹೊಗೆಸೊಪ್ಪು ವಿಂಗಡಿಸುವ ಕೆಲಸ ಮುಗಿಸಿ ಮಧ್ಯಾಹ್ನ ಮೂರಕ್ಕೆ ಬರುವಾಗ ಹಸಿವಿಗೆ ಕಣ್ಣು ಕತ್ತಲೆ ಬಂದು, ನಾಚಿಕೆ ಬಿಟ್ಟು ಒಳಗೆ ಹೋದಳು. ಬೇರೆ ಗಿರಾಕಿಗಳು ಯಾರೂ ಇರಲಿಲ್ಲ.

ಅವಳ ಗಂಡ ಶಿವಶಂಕರ ಮೂರು ವರ್ಷದ ಹಿಂದೆ ಬೀಚನಹಳ್ಳಿಯ ಹಿನ್ನೀರಿಗೆ ಮೀನು ಹಿಡಿಯಲು ಹೋದವನು ತಿರುಗಿ ಬಂದಿರಲಿಲ್ಲ. ತೆಪ್ಪ ಮಗುಚಿಕೊಂಡು ಸಿಕ್ಕಿತ್ತು, ಹೆಣ ಸಿಕ್ಕಿರಲಿಲ್ಲ. ಅತ್ತೆ ರಾಮಮ್ಮ ಪ್ರತಿ ವರ್ಷ ಪಿತೃಪಕ್ಷದ ಮಾರ್ಲಾಮಿಗೂ ಮಗನಿಗೆ ಎಡೆ ಇಡೋಣವೆಂದು ಹಟ ಹಿಡಿಯುತ್ತಿದ್ದಳು. "ನನ್ ಮಗನ್ನ ಉಪಾಸ ಕೆಡವಿದ್ದೀಯಲ್ಲೇ" ಎಂದು ಎದೆ ಬಡಿದುಕೊಳ್ಳುತ್ತಿದ್ದಳು. ಬದುಕಿರುವವನಿಗೆ ಎಡೆ ಇಟ್ಟರೆ ಅವನ ಆಯಸ್ಸು ಕಳೆಯುತ್ತದೆಂದು ಶಾಂತಲಾ ಒಪ್ಪಿರಲಿಲ್ಲ. ಆ ಜಗಳಕ್ಕೇ ಊರು ಬಿಟ್ಟು, ತಾಳಿ ಕುಂಕುಮ ಉಳಿಸಿಕೊಂಡು ಇಲ್ಲಿ ಬಂದು ಕೂತಿದ್ದಳು. ಅವನು ಬದುಕಿದ್ದಾನೆ ಅನ್ನುವುದೊಂದೇ ಅವಳ ಆಸ್ತಿ.

"ಏನ್ ಕೊಡ್ಲವ್ವ?" ಜಯಲಕ್ಷ್ಮಮ್ಮ ಕೇಳಿದಳು.

ಏನು ಹೇಳುವುದು? ಒಂಬತ್ತು ವರ್ಷ ಗಂಡನ ಬಾಯಿರುಚಿಗೆ ಬೇಯಿಸಿದವಳಿಗೆ ತನಗೇನು ಇಷ್ಟ ಎಂಬುದೇ ಮರೆತುಹೋಗಿರುತ್ತದೆ. ಆ ಪುಣ್ಯಾತ್ಮನಿಗೆ ಜೊತೆಗಿದ್ದಾಗಲೂ ಅದನ್ನು ಕೇಳಬೇಕೆಂದು ಹೊಳೆದಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದಳು: ಮುದ್ದೆ, ಬೋಟಿ ಗೊಜ್ಜು, ಹುರಿದ ಮೀನು, ಹುರಳಿಕಾಳು ಬಸ್ಸಾರು, ಬೇಯಿಸಿದ ಮೊಟ್ಟೆ. ಎಷ್ಟೆಷ್ಟು ಅಂದಾಗ ರೂಢಿಯ ಮೇಲೆ "ಎರಡೆರಡು" ಅಂದುಬಿಟ್ಟಳು.

ಹತ್ತು ತಟ್ಟೆ ಬಂತು. ತನ್ನ ಐದನ್ನು ಈಚೆ ಇಟ್ಟುಕೊಂಡು, ಉಳಿದ ಐದನ್ನು ಎದುರಿನ ಖಾಲಿ ಕುರ್ಚಿಯ ಮುಂದೆ ಸಾಲಾಗಿ ಜೋಡಿಸಿದಳು. ಮನೆಯಲ್ಲೂ ಹಾಗೇ ಜೋಡಿಸುತ್ತಿದ್ದದ್ದು. ಗೊಜ್ಜು ಬಾಯಿಗಿಟ್ಟರೆ ಖಾರ ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು.

ನೀರಿನ ಚೊಂಬು ತಂದ ಜಯಲಕ್ಷ್ಮಮ್ಮ ಎದುರಿನ ಸಾಲು ನೋಡಿ ನಿಂತುಬಿಟ್ಟಳು.

"ಅಯ್ಯೋ, ಎಡೆ ಮಡಗಿದ್ದೀಯ! ಮೊದ್ಲೇ ಒಂದ್ ಮಾತ್ ಏಳ್ಬಾರ್ದಾ? ಅವ್ರು ಉಣ್ಣಕ್ ಮುಂಚೇನೆ ನೀನ್ ಬಾಯ್ಗಿಟ್ಕಂಡಿದ್ದೀಯಲ್ಲವ್ವ! ಎದ್ದೇಳು, ಆಚಿಗ್ ಬಾ."

"ಇಲ್ಲ ಕಣಕ್ಕ, ನಾನು..."

"ನಾಚ್ಕೋಬ್ಯಾಡ. ಮನೆ ಮಠ ಇಲ್ದೋರು, ಹೊಗೆಸೊಪ್ಪಿನ ಬ್ಯಾರನ್ ಕೆಲ್ಸದೋರು, ಎಲ್ರೂ ಈ ಪಕ್ಸದಲ್ಲಿ ಇಲ್ಲೇ ಮಡಗ್ತಾವ್ರೆ."

ಹೇಳುತ್ತಲೇ ಒಂದು ಊದುಕಡ್ಡಿ ಹಚ್ಚಿ, ಶಾಂತಲಾಳ ರಟ್ಟೆ ಹಿಡಿದು ಹೊರಗೆ ಕರೆತಂದು ಬಾಗಿಲು ಎಳೆದಳು. ಎಡೆ ಇಟ್ಟ ಮೇಲೆ ಸತ್ತವರು ಬಂದು ಉಣ್ಣುವ ತನಕ ಬದುಕಿರುವವರು ಹೊರಗಿರಬೇಕು.

"ಯಾರ್ಗವ್ವ?"

ಶಾಂತಲಾ ತಾಳಿಯನ್ನು ಸೆರಗಿನೊಳಗೆ ಅದುಮಿಕೊಂಡಳು.

"ಎಸ್ರು ಏಳ್ಬ್ಯಾಡ ಬುಡು. ಉಣ್ಣೋರ್ಗೆ ಗೊತ್ತಿರ್ತದೆ."

ಮೂರು ವರ್ಷ ಅತ್ತೆಯ ಕಣ್ಣೀರಿಗೂ ಜಗ್ಗದೆ ತಡೆದಿದ್ದನ್ನು ಇವತ್ತು ತನ್ನ ಕೈಯಾರೆ ಮಾಡಿಬಿಟ್ಟಿದ್ದಳು. ನುಗ್ಗಿ ತಟ್ಟೆಗಳನ್ನು ಎಳೆದುಬಿಡಲೇ ಅಂದುಕೊಂಡಳು. ಆದರೆ ಒಳಗೆ ಅವನು ಕೂತಿದ್ದರೆ? ಹಸಿದವನ ಮುಂದಿನ ಅನ್ನ ಕಿತ್ತುಕೊಳ್ಳುವುದು ಹೇಗೆ? ಎಲ್ಲರೂ ತಮ್ಮವರು ಬಂದು ಉಣ್ಣಲಿ ಎಂದು ಬೇಡುವ ಬಾಗಿಲಲ್ಲಿ ಅವಳು, ದೇವರೇ ಯಾರೂ ಬರದಿರಲಿ, ಯಾರೂ ಮುಟ್ಟದಿರಲಿ ಎಂದು ಬೇಡಿದಳು.

ಬೀದಿಯಲ್ಲಿ ಗಾಳಿಯಿರಲಿಲ್ಲ. ಒಳಗೆ ಸ್ಟೀಲ್ ತಟ್ಟೆಯೊಂದು ಟಣ್ ಎಂದಿತು.

"ಬೆಕ್ಕೇನಾದ್ರೂ ಅದಾ ಅಕ್ಕ ಒಳಗೆ?"

"ಬೆಕ್ಕೆಲ್ಲಿ ಬತ್ತದೆ? ಇರೋದೊಂದೇ ಬಾಗ್ಲು."

ಸ್ವಲ್ಪ ಹೊತ್ತಿಗೆ ಜಯಲಕ್ಷ್ಮಮ್ಮ, ಕೆಮ್ಮಿಕೊಂಡು ಒಳಗೆ ಹೋಗೆಂದಳು. ಒಳಗಿನವರಿಗೆ ಎದ್ದು ಹೋಗಲು ಸೂಚನೆ ಅದು. ಶಾಂತಲಾಗೆ ಕೆಮ್ಮು ಬರಲಿಲ್ಲ. ಜಯಲಕ್ಷ್ಮಮ್ಮನೇ ಕೆಮ್ಮಿ ಬಾಗಿಲು ತಳ್ಳಿದಳು.

ಐದು ತಟ್ಟೆಯೂ ಇಟ್ಟ ಹಾಗೇ ಇದ್ದವು. ಮುದ್ದೆಯ ಮೇಲೆ ಬೆರಳಿನ ಗುರುತಿಲ್ಲ, ಮೀನು ಮುರಿದಿಲ್ಲ, ಕುರ್ಚಿ ಕದಲಿಲ್ಲ. ಶಾಂತಲಾಗೆ ಎಲ್ಲಿಲ್ಲದ ಸಂತೋಷವಾಯಿತು. ಬದುಕಿದ್ದಾನೆ! ಎಲ್ಲೋ ಕೇರಳದ ಕಡೆಯೋ, ಕೊಡಗಿನ ತೋಟದಲ್ಲೋ, ಕೋಪ ಮಾಡಿಕೊಂಡು ಕೂತಿದ್ದಾನೆ. ಖಾಲಿ ಕುರ್ಚಿಯಲ್ಲಿ ತಾನೇ ಕೂತು, ನಗುತ್ತ, ಆ ಸಾಲಿನ ಗೊಜ್ಜು ತೆಗೆದು ಬಾಯಿಗಿಟ್ಟಳು.

ಉಪ್ಪಿರಲಿಲ್ಲ. ಖಾರವಿರಲಿಲ್ಲ. ಒದ್ದೆ ಬಟ್ಟೆ ಅಗಿದ ಹಾಗಾಯಿತು. ಮೀನು ಮುರಿದು ತಿಂದಳು, ಅದೂ ಸಪ್ಪೆ. ಬಸ್ಸಾರು ಬರೀ ಬಿಸಿನೀರು. ಕೈ ಚಾಚಿ ತನ್ನ ತಟ್ಟೆಯ ಗೊಜ್ಜನ್ನು ನೆಕ್ಕಿದಳು. ಒಂದೇ ಪಾತ್ರೆಯ ಗೊಜ್ಜು, ಅದರ ಖಾರ ಈಗಲೂ ನಾಲಿಗೆ ಸುಟ್ಟಿತು.

ಸತ್ತವರು ಅನ್ನ ಮುಟ್ಟುವುದಿಲ್ಲ, ರುಚಿಯನ್ನಷ್ಟೇ ಉಂಡು ಹೋಗುತ್ತಾರೆ ಎನ್ನುತ್ತಾರೆ ನಮ್ಮ ಕಡೆ. ಶಾಂತಲಾ ಹುಟ್ಟಿದಾಗಿನಿಂದ ಕೇಳಿದ ಮಾತು ಅದು.

"ಎಡೆ ಊಟ, ನಂಗೂ ಒಂದ್ ತುತ್ತು ಕೊಡವ್ವ" ಎನ್ನುತ್ತ ಜಯಲಕ್ಷ್ಮಮ್ಮ ಮೀನಿನ ತಟ್ಟೆಗೆ ಕೈ ಹಾಕಿದಳು.

ಶಾಂತಲಾ ತಟ್ಟೆಯನ್ನು ಸರಕ್ಕನೆ ಎಳೆದುಕೊಂಡಳು. ಇನ್ನೊಂದು ನಾಲಿಗೆಗೂ ಸಪ್ಪೆಯೆನಿಸಿದರೆ ಅವನು ಸತ್ತೇಹೋದ ಹಾಗೆ. ತನ್ನ ಒಬ್ಬಳ ನಾಲಿಗೆ ಸುಳ್ಳು ಹೇಳಿರಬಹುದು. ಐದು ತಟ್ಟೆಯನ್ನೂ ಮಡಿಲ ಹತ್ತಿರ ಎಳೆದುಕೊಂಡು, ಮುಳ್ಳು ಬಿಡಿಸದೆ, ಅಗಿಯದೆ, ನುಂಗತೊಡಗಿದಳು.

"ಹಂಗ್ಯಾಕವ್ವ ಮುಕ್ತೀಯಾ? ಎಂಗದೆ?"

"ಬೋ ಸಂದಾಗದೆ ಕಣಕ್ಕ" ಅಂದಳು ಶಾಂತಲಾ, ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರನ್ನು ತೋಳಿನಿಂದ ಒರೆಸಿಕೊಳ್ಳುತ್ತ. "ವಸಿ ಖಾರ ಜಾಸ್ತಿಯಾಯ್ತು, ಅಷ್ಟೇಯ."