ತುಂಬಿದರೆ ಕೂಗುವ ಡಬ್ಬಿ

ಅಪ್ಪನ ಬಲಗೈ ಮೇಲೆ ತಂಬಿಗೆಯ ನೀರು ಸುರಿಯುತ್ತಿದ್ದ ಸುನಂದಾಳ ಕೈ ಥಟ್ಟನೆ ನಿಂತಿತು. ಹೆಬ್ಬೆರಳಿನ ತುದಿಯಲ್ಲಿ ಕಪ್ಪು ಚುಕ್ಕೆ. ಉಜ್ಜಿದಳು, ಹೋಗಲಿಲ್ಲ. ಸುಟ್ಟ ಗಾಯ!

ಅವಳ ಅಪ್ಪ, ಬೆಟಗೇರಿಯ ರೇಡಿಯೋ ರಿಪೇರಿ ಕೊಟ್ರಪ್ಪ, ನಿನ್ನೆ ಬಚ್ಚಲ ನಲ್ಲಿ ತಿರುವುತ್ತಲೇ ಬಿದ್ದು ಸತ್ತಿದ್ದ. ಹಾರ್ಟ್ ಅಟ್ಯಾಕ್ ಎಂದು ಓಣಿಯವರೇ ತೀರ್ಮಾನಿಸಿದ್ದರು.

"ಲಗೂ ಮಾಡ್ರಿ," ಎಂದ ಹಿರಿಯ ಗುರುಪಾದಪ್ಪ. "ಹನ್ನೆರಡು ದಿನಕ್ಕ ನಳಾ ಬಂದೈತಿ. ಹೆಣ ಓಣಿ ದಾಟೂತನ ಯಾರೂ ಮೋಟರ್ ಹಚ್ಚೂಹಂಗಿಲ್ಲ. ಮಧ್ಯಾಹ್ನಕ್ಕ ನೀರು ಹೋಗಿಬಿಡ್ತಾವ."

"ಹೋದ್ರ ಹೋಗ್ಲಿ ಬಿಡೋ ಯಣ್ಣಾ," ಪಕ್ಕದ ಮನೆಯ ಕಾಶವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಟ್ಯಾಂಕ್ ತುಂಬಿದ್ರ ಕೂಗೂ ಡಬ್ಬಿ ಮನಿಮನಿಗೆ ಹಾಕಿಕೊಟ್ಟಾಂವ. ಇವತ್ತ ಮೊದಲ ಸಲ ಕೂಗ್ತಾವ, ಕೇಳಾಕ ಅವನ ಇಲ್ಲ."

ಹನ್ನೊಂದು ಮನೆ! ಸುನಂದಾ ತಂಬಿಗೆ ಕೆಳಗಿಟ್ಟಳು.

*

ಹೋದ ವಾರ ಅಪ್ಪ, ಮಗಳು ಅಂಗಡಿಯಲ್ಲಿ ಎದುರುಬದುರು ಕೂತು ಬೆಸುಗೆ ಹಾಕುತ್ತಿದ್ದರು. ಒಂದು ತಂತಿ ಟ್ಯಾಂಕಿನ ತಳಕ್ಕೆ, ಇನ್ನೊಂದು ಮೇಲಿನ ಅಂಚಿಗೆ; ಏರಿದ ನೀರು ಎರಡಕ್ಕೂ ತಾಗಿದರೆ ಡಬ್ಬಿ ಕೂಗಬೇಕು, ಅಷ್ಟೇ.

"ಟ್ರಾನ್ಸ್‌ಫಾರ್ಮರ್ ಯಾಕಪ್ಪಾ, ಇಟ್ಟಂಗಿಹಂಗ ಭಾರ. ಕೆಟ್ಟ ಎಲ್‌ಇಡಿ ಬಲ್ಬಿನೊಳಗಿನ ಸರ್ಕಿಟ್ ಹಾಕೂಣು. ಡಬ್ಬಿ ಅಂಗೈಯಷ್ಟ ಆಗ್ತೈತಿ."

"ನೀರಿಗೆ ಕರೆಂಟ್ ಇಳದೀತು, ತಂಗಿ."

"ಮೀಟರ್ ಹಚ್ಚಿ ನೋಡೀನಿ. ಹನ್ನೆರಡ ವೋಲ್ಟ್."

ಎರಡು ತಂತಿಗಳ ನಡುವೆ ನೋಡಿದ್ದಳು. ತಂತಿಗೂ ನೆಲಕ್ಕೂ ನಡುವೆ ನೋಡಿರಲಿಲ್ಲ; ನೋಡಿದ್ದರೆ ಮನೆಯ ಪೂರ್ತಿ ಕರೆಂಟು ಕಾಣುತ್ತಿತ್ತು. ಮಗಳ ಜಾಣತನದ ಮೇಲೆ ಅಪ್ಪನಿಗೆ ಎಂಥ ಹೆಮ್ಮೆ! ಒಣಗಿದ್ದ ಟ್ಯಾಂಕುಗಳನ್ನೆಲ್ಲ ತಾನೇ ಹತ್ತಿ ತಂತಿ ಇಳಿಸಿ ಬಂದ. ತಳದಲ್ಲಿ ನೀರು ಉಳಿದಿದ್ದದ್ದು ತಮ್ಮ ಮನೆಯದರಲ್ಲಿ ಮಾತ್ರ. ಅದಕ್ಕೆ ಎಲ್ಲರದೂ ಮುಗಿದ ಮೇಲೆ, ನಿನ್ನೆ ಹಾಕಿದ.

*

ಸುನಂದಾ ತಾಯಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಅವ್ವಾ, ಅಪ್ಪನ್ನ ಕೊಂದದ್ದು ನಮ್ಮ ಡಬ್ಬಿ. ಎಲ್ಲಾರಿಗೂ ಈಗ ಹೇಳಬೇಕು."

ಶಾಂತವ್ವ ಮಗಳ ಬಾಯಿ ಮುಚ್ಚಿದಳು. "ನಿನಗ ಕೈ ಮುಗೀತೀನಿ. ಹೆಣ ಅಂಗಳದಾಗ ಇರೂವಾಗ ಅವಂಗ ಉಗುಳಸ್ತೀಯೇನು? ಮರ್ಯಾದಿಲೆ ಹೋಗ್ಲಿ. ಓಣಿ ದಾಟಿದ ಕೂಡ್ಲೆ ಹೇಳೀಯಂತ."

ಸುನಂದಾ ಸುಮ್ಮನಾದಳು. ಸುಮ್ಮನಾಗಬಾರದಿತ್ತು.

ಹೆಂಗಸರೆಲ್ಲ ಓಣಿಯ ತಿರುವಿನವರೆಗೆ ಹೆಣದ ಹಿಂದೆ ನಡೆದರು. ಮೊಣಕಾಲು ನೋವಿನ ಕಾಶವ್ವ ಮಾತ್ರ ಮನೆಯಲ್ಲೇ ಉಳಿದಳು. ಗಂಡಸರು ತಿರುವು ದಾಟಿದ್ದೇ ತಡ, ಸುನಂದಾ ಕೈಯೆತ್ತಿ ಚೀರಿದಳು.

"ಯಾರೂ ಮೋಟರ್ ಹಚ್ಚಬ್ಯಾಡ್ರಿ! ನಮ್ಮ ಡಬ್ಬಿಯಿಂದ ನೀರಿಗೆ ಕರೆಂಟ್ ಬರ್ತೈತಿ! ತಪ್ಪು ನಂದು, ಅಪ್ಪಂದಲ್ಲ!"

"ಪಾಪ, ದುಃಖಕ್ಕ ತಲಿ ಕೆಟ್ಟೈತಿ," ಎಂದಳೊಬ್ಬಳು.

"ಇಲ್ರವಾ, ಖರೇನ ಹೇಳಾಕತ್ತಾಳ," ಎಂದು ಶಾಂತವ್ವ ನೆಲಕ್ಕೆ ಕುಸಿದಳು.

ಆಗ ಕೇಳಿಸಿತು. ಕಾಶವ್ವನ ಮನೆಯ ಮೋಟರು ಗುಂಯ್‌ಗುಟ್ಟುತ್ತಿತ್ತು. ಮೈಲಿಗೆಯ ಸ್ನಾನ ಬೇಗ ಮುಗಿಸೋಣವೆಂದು ಮುದುಕಿ, ಹೆಣ ಕಣ್ಮರೆಯಾದೊಡನೆ ಅದನ್ನು ಹಚ್ಚಿದ್ದಳು. ಅವಳದು ಪುಟ್ಟ ಟ್ಯಾಂಕು, ಬೇಗ ತುಂಬುವಂಥದ್ದು. ಸುನಂದಾ ಚಪ್ಪಲಿಯಿಲ್ಲದೆ ಓಡಿದಳು. ಅರ್ಧ ಓಣಿಗೆ ಬರುವಷ್ಟರಲ್ಲಿ ಡಬ್ಬಿ ಪೀಂ ಎಂದು ಕೂಗತೊಡಗಿತು. ಅದನ್ನು ಯಾರೂ ನಿಲ್ಲಿಸಲಿಲ್ಲ.

"ಕಾಶವ್ವತ್ತೀ! ನಲ್ಲಿ ಮುಟ್ಟಬ್ಯಾಡ! ಅತ್ತೀ!"

ಬಚ್ಚಲ ಬಾಗಿಲು ಒಳಗಿನಿಂದ ಹಾಕಿತ್ತು. ಅದರಡಿಯಿಂದ ಸೋಪಿನ ನೊರೆ ಕಟ್ಟಿದ ನೀರು ಹೊಸ್ತಿಲು ದಾಟಿ ಹರಿದು ಬಂತು. ಸುನಂದಾ ಬರಿಗಾಲನ್ನು ಹಿಂದಕ್ಕೆಳೆದುಕೊಂಡಳು.